ಕಾಣುವ ಬಾಕ್ಸ್‌ಗೆ ಕ್ಲಿಕ್ ಯಾಕೆ ತಲುಪುತ್ತಿಲ್ಲ?

ಪ್ರಶ್ನೆ: ದಾವಣಗೆರೆಯಲ್ಲಿ ಬಿಸಿಎ ಕೊನೇ ವರ್ಷ ಓದುತ್ತಿದ್ದೇನೆ. ನನ್ನ ಸೋದರಮಾವನದು ಎಪಿಎಂಸಿ ಯಾರ್ಡ್‌ನಲ್ಲಿ ಮೆಕ್ಕೆಜೋಳದ ದಲ್ಲಾಲಿ ಅಂಗಡಿ. ಅವರಿಗಾಗಿ ಜಾವಾ ಸ್ವಿಂಗ್‌ನಲ್ಲಿ (ಕಿಟಕಿ, ಬಟನ್‌ಗಳಿರುವ ಪರದೆ ಕಟ್ಟುವ ಜಾವಾದ ಸಲಕರಣೆ) ಒಂದು ಪ್ರೋಗ್ರಾಂ ಬರೆಯುತ್ತಿದ್ದೇನೆ. ಆ ದಿನ ಬಂದ ಒಂದೊಂದು ರಾಶಿಗೂ ಪರದೆ ಮೇಲೆ ಒಂದೊಂದು ಬಾಕ್ಸ್. ಟೆಂಡರ್ ಆಗುವವರೆಗೆ ಹಳದಿ, ತೂಕ ಆದಮೇಲೆ ನೀಲಿ, ದುಡ್ಡು ಕೊಟ್ಟಮೇಲೆ ಹಸಿರು. ಬಾಕ್ಸ್ ಒತ್ತಿದರೆ ರೈತರ ಹೆಸರು, ಚೀಲ, ಕ್ವಿಂಟಾಲ್, ಹಮಾಲಿ ಎಲ್ಲ ತೆರೆಯಬೇಕು. ತೊಂದರೆ ಏನೆಂದರೆ, ಹೊಸ ರಾಶಿ ಸೇರಿಸಿದರೆ ಬಾಕ್ಸ್ ಬರುವುದಿಲ್ಲ, ಕಿಟಕಿಯನ್ನು ಎಳೆದು ದೊಡ್ಡದು ಮಾಡಿದರೆ ತಟ್ಟನೆ ಬರುತ್ತದೆ. ಕ್ಲಿಕ್ ಒಮ್ಮೆ ತೆಗೆದುಕೊಳ್ಳುತ್ತದೆ, ಒಮ್ಮೆ ಇಲ್ಲ. ರೈತರ ಹೆಸರಿನ ಲೇಬಲ್‌ಗೆ ಟೂಲ್‌ಟಿಪ್ (ಮೌಸ್ ಮೇಲೆ ನಿಂತಾಗ ಕಾಣುವ ಸಣ್ಣ ವಿವರ) ಹಾಕಿದ ಮೇಲೆ ಹೆಸರಿನ ಮೇಲೆ ಒತ್ತಿದರೆ ಏನೂ ಆಗುವುದಿಲ್ಲ. ರೈಟ್ ಕ್ಲಿಕ್ ಮೆನು ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಬರುತ್ತದೆ, ಅಂಗಡಿಯ ವಿಂಡೋಸ್ ಕಂಪ್ಯೂಟರ್‌ನಲ್ಲಿ ಬರುವುದಿಲ್ಲ. ‘ಮೆಕ್ಕೆಜೋಳ’ ಎಂಬ ಲೇಬಲ್‌ನಲ್ಲಿ ಒತ್ತಕ್ಷರ ಅರ್ಧ ಕತ್ತರಿಸಿಹೋಗಿದೆ. ಎರಡು ಸೆಕೆಂಡಿಗೊಮ್ಮೆ ಡೇಟಾಬೇಸ್ ಓದಿ, ಹಳೇ ಬಾಕ್ಸ್‌ಗಳನ್ನೆಲ್ಲ ತೆಗೆದು ಹೊಸದಾಗಿ ಜೋಡಿಸುವ ಟೈಮರ್ ಇಟ್ಟಿದ್ದೇನೆ. ಸೀನಿಯರ್ ಒಬ್ಬರು ‘ಸ್ವಿಂಗ್ ಹಳೇದು, ವೆಬ್‌ನಲ್ಲಿ ಮಾಡು’ ಎಂದರು. ಇನ್ನೊಬ್ಬರು ರ‍್ಯಾಮ್ ಸಾಲದು ಎಂದರು. ಮತ್ತೊಬ್ಬರು ಎಲ್ಲ ಕಡೆ ರಿಪೇಂಟ್ (ಮತ್ತೆ ಬಳಿ ಎಂಬ ಆದೇಶ) ಹಾಕು, ಮಧ್ಯೆ ಸ್ವಲ್ಪ ಸ್ಲೀಪ್ (ತಡೆದು ನಿಲ್ಲು ಎಂಬ ಆದೇಶ) ಕೊಡು ಎಂದರು. ಆವಕ ಶುರುವಾಗುವುದರೊಳಗೆ ಸರಿಮಾಡಬೇಕು. ಇದನ್ನು ಬಿಟ್ಟು ಬೇರೆ ಶುರುಮಾಡಲೇ?

ಉತ್ತರ: ಬಿಡಬೇಡಿ. ನಿಮ್ಮ ಪ್ರಶ್ನೆಯಲ್ಲೇ ಮುಕ್ಕಾಲು ಪಾಲು ಉತ್ತರ ಇದೆ. ಕಿಟಕಿ ಎಳೆದರೆ ಬಾಕ್ಸ್ ಬರುತ್ತದೆ ಎಂದಿದ್ದೀರಿ, ಟೈಮರ್ ಏನು ಮಾಡುತ್ತದೆ ಎಂದು ಹೇಳಿದ್ದೀರಿ, ಟೂಲ್‌ಟಿಪ್ ಹಾಕಿದ ಮೇಲೆಯೇ ಕೆಟ್ಟಿತು ಎಂದು ಗಮನಿಸಿದ್ದೀರಿ. ಇಷ್ಟು ನೋಡಿ ಬರೆಯುವವರು ಕಡಿಮೆ. ಅಕ್ಕಿ ಗಿರಣಿ, ಸೊಸೈಟಿ, ಮಂಡಿಗಳಿಗೆ ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆದುಕೊಡುವುದೇ ನನ್ನ ಕಸುಬು. ನೀವು ಹೇಳಿದ ಒಂದೊಂದು ತೊಂದರೆಯನ್ನೂ ಮತ್ತೆ ಮತ್ತೆ ಕಂಡಿದ್ದೇನೆ, ಯಾವುದೂ ರಿಪೇರಿಯಾಗದ್ದಲ್ಲ.

ನಿಮ್ಮ ಆತಂಕ ಬರೀ ಕೋಡ್‌ನದಲ್ಲ ಎಂದು ನನಗೆ ಅನಿಸುತ್ತದೆ. ಸೀಸನ್‌ನಲ್ಲಿ ಎದುರಿಗೆ ರೈತರು ನಿಂತಿರುತ್ತಾರೆ. ಆಗ ಎರಡು ಸಲ ಒತ್ತಿದರೂ ಬಾಕ್ಸ್ ತೆರೆಯದಿದ್ದರೆ ಗುಮಾಸ್ತರು ಮೌಸ್ ಬದಿಗಿಟ್ಟು ಚೀಟಿ ಪುಸ್ತಕ ತೆಗೆಯುತ್ತಾರೆ, ಆಮೇಲೆ ಆ ಪ್ರೋಗ್ರಾಂ ಕಡೆ ತಿರುಗಿ ನೋಡುವುದಿಲ್ಲ. ಆದ್ದರಿಂದ ಕ್ಲಿಕ್ ತಪ್ಪುವುದನ್ನು ನಾನು ಎಲ್ಲಕ್ಕಿಂತ ದೊಡ್ಡ ದೋಷ ಎಂದು ಎಣಿಸುತ್ತೇನೆ. ಅದನ್ನೇ ಹೆಚ್ಚು ಬಿಡಿಸಿ ಹೇಳುತ್ತೇನೆ.

ಮೊದಲು ನಿಮಗೆ ಸಿಕ್ಕ ಸಲಹೆಗಳ ವಿಷಯ. ಸ್ವಿಂಗ್ ಹಳೆಯದು ಎಂಬುದು ನಿಜ. 1998ರ ಕೊನೆಗೆ ಜಾವಾ 1.2ರ ಜೊತೆ ಬಂದದ್ದು. ಆದರೆ ಅದರ ಜಾಗಕ್ಕೆ ಬರುತ್ತದೆ ಎಂದುಕೊಂಡಿದ್ದ ಜಾವಾಎಫ್‌ಎಕ್ಸ್ 2018ರಲ್ಲಿ ಜಾವಾ 11ರಿಂದ ಹೊರಗೆ ಹೋಯಿತು, ಸ್ವಿಂಗ್ ಇವತ್ತಿಗೂ ಒಳಗೇ ಇದೆ. ನೀವು ಕೋಡ್ ಬರೆಯುವ ನೆಟ್‌ಬೀನ್ಸ್ ಅಥವಾ ಇಂಟೆಲಿಜೆ ನಿಂತಿರುವುದೇ ಸ್ವಿಂಗ್ ಮೇಲೆ. ಅಷ್ಟು ದೊಡ್ಡ ಪ್ರೋಗ್ರಾಂಗಳಲ್ಲಿ ಕ್ಲಿಕ್ ಸರಿಯಾಗಿ ಬೀಳುತ್ತದೆ ಎಂದಮೇಲೆ ನಿಮ್ಮದರಲ್ಲೂ ಬೀಳಿಸಬಹುದು. ರ‍್ಯಾಮ್‌ಗೂ ಇದಕ್ಕೂ ಸಂಬಂಧವಿಲ್ಲ, ನೂರಿನ್ನೂರು ಬಾಕ್ಸ್ ಸ್ವಿಂಗ್‌ಗೆ ಭಾರವೇ ಅಲ್ಲ. ಸ್ಲೀಪ್ ಕೊಡುವುದಂತೂ ಅಪಾಯ. ಬಣ್ಣ ಬಳಿಯುವುದು, ಜಾಗ ಹಂಚುವುದು, ಕ್ಲಿಕ್ ತಲುಪಿಸುವುದು ಮೂರನ್ನೂ ಸ್ವಿಂಗ್ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದಾದ ಮೇಲೊಂದು ಕೆಲಸ ನಡೆಯುವ ಒಂದೇ ಸಾಲಿನಲ್ಲಿ, ಮಾಡುತ್ತದೆ, ಅದಕ್ಕೆ ಇವೆಂಟ್ ಡಿಸ್ಪ್ಯಾಚ್ ಥ್ರೆಡ್ ಎನ್ನುತ್ತಾರೆ. ಅದನ್ನು ಮಲಗಿಸಿದರೆ ಮೂರೂ ನಿಲ್ಲುತ್ತವೆ.

ಈ ಮೂರು ಕೆಲಸ ಬೇರೆ ಬೇರೆ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪರದೆಯಲ್ಲಿ ಚಿತ್ರ ಕಂಡ ಮಾತ್ರಕ್ಕೆ ಅಲ್ಲೊಂದು ಕಾಂಪೊನೆಂಟ್ (ಬಾಕ್ಸ್, ಲೇಬಲ್, ಬಟನ್‌ನಂಥ ಘಟಕ) ಇದೆ ಎಂದಲ್ಲ. ಕಾಂಪೊನೆಂಟ್ ಸೇರಿಸಿದ ಮಾತ್ರಕ್ಕೆ ಅದಕ್ಕೆ ಅಗಲ ಎತ್ತರ ಸಿಕ್ಕಿತು ಎಂದಲ್ಲ. ಅಗಲ ಎತ್ತರ ಇದ್ದ ಮಾತ್ರಕ್ಕೆ ಕ್ಲಿಕ್ ಅದಕ್ಕೇ ಹೋಗುತ್ತದೆ ಎಂದೂ ಅಲ್ಲ. ನಿಮ್ಮ ತೊಂದರೆಗಳಲ್ಲಿ ಹೆಚ್ಚಿನವು ಇವುಗಳಲ್ಲಿ ಯಾವುದಾದರೂ ಒಂದನ್ನು ಇನ್ನೊಂದು ಎಂದುಕೊಂಡದ್ದರಿಂದ ಬಂದಿವೆ.

ಬಾಕ್ಸ್ ಕಾಣದಿರುವುದನ್ನು ನೋಡೋಣ. ಕಿಟಕಿ ಆಗಲೇ ತೆರೆದಿರುವಾಗ ಪ್ಯಾನೆಲ್‌ಗೆ (ಬಾಕ್ಸ್‌ಗಳನ್ನು ಹಿಡಿದಿಡುವ ಹಲಗೆ) ಏನನ್ನಾದರೂ ಆ್ಯಡ್ ಮಾಡಿದರೆ, ಸ್ವಿಂಗ್ ಆ ಪ್ಯಾನೆಲ್‌ನ ಲೇಔಟ್ (ಯಾವುದಕ್ಕೆ ಎಷ್ಟು ಜಾಗ ಎಂಬ ಹಂಚಿಕೆ) ಹಳತಾಯಿತು ಎಂದು ಗುರುತು ಹಾಕಿಕೊಂಡು ಸುಮ್ಮನಾಗುತ್ತದೆ. ತಾನಾಗಿ ಜಾಗ ಹಂಚುವುದಿಲ್ಲ. ಹೊಸ ಬಾಕ್ಸ್ ಕಾಂಪೊನೆಂಟ್‌ಗಳ ಮರದಲ್ಲಿ (ಯಾವುದರೊಳಗೆ ಯಾವುದು ಎಂಬ ಪಟ್ಟಿ) ಸೇರಿದೆ, ಆದರೆ ಅಗಲ ಸೊನ್ನೆ, ಎತ್ತರ ಸೊನ್ನೆ. ಈ ಸ್ಥಿತಿಯಲ್ಲಿ ಎಷ್ಟು ರಿಪೇಂಟ್ ಕರೆದರೂ ಬಳಿಯಲು ಜಾಗವೇ ಇಲ್ಲ. ಕಿಟಕಿ ಎಳೆದಾಗ ಲೇಔಟ್ ಮತ್ತೆ ನಡೆಯಲೇಬೇಕು, ಹಾಗಾಗಿ ಬಾಕ್ಸ್ ತಟ್ಟನೆ ಬರುತ್ತದೆ. ಪರಿಹಾರ: ಬಾಕ್ಸ್‌ಗಳನ್ನು ಸೇರಿಸಿ ಮುಗಿದ ಮೇಲೆ ಆ ಪ್ಯಾನೆಲ್ ಮೇಲೆ ಒಂದು ರಿವ್ಯಾಲಿಡೇಟ್, ಅದರ ಹಿಂದೆ ಒಂದು ರಿಪೇಂಟ್. ರಿವ್ಯಾಲಿಡೇಟ್ ಜಾಗ ಹಂಚುತ್ತದೆ, ರಿಪೇಂಟ್ ಹಳೆಯ ಚಿತ್ರದ ಉಳಿಕೆಯನ್ನು ಅಳಿಸುತ್ತದೆ. ಪ್ರತಿ ಬಾಕ್ಸ್‌ಗೂ ಕರೆಯಬೇಕಿಲ್ಲ, ಕೊನೆಗೆ ಒಂದು ಸಲ ಸಾಕು.

ಕಿಟಕಿ ಎಳೆದರೂ ಬಾರದಿದ್ದರೆ ಅದು ಬೇರೆಯೇ ಕಾಯಿಲೆ. ಒಂದೋ ಲೇಔಟ್ ನಲ್ ಮಾಡಿ ಸೆಟ್‌ಬೌಂಡ್ಸ್ ಮರೆತಿರುತ್ತಾರೆ, ಇಲ್ಲವೇ ಬಾರ್ಡರ್ ಲೇಔಟ್‌ನ ಸೆಂಟರ್‌ಗೆ ಎರಡು ಸೇರಿಸಿರುತ್ತಾರೆ, ಅಲ್ಲಿ ಕೊನೆಯದಕ್ಕೆ ಮಾತ್ರ ಜಾಗ. ಒಂದೇ ಕಾಂಪೊನೆಂಟನ್ನು ಎರಡು ಪ್ಯಾನೆಲ್‌ಗೆ ಸೇರಿಸಿದರೂ ಮೊದಲನೆಯದರಿಂದ ಅದು ಮಾಯವಾಗುತ್ತದೆ, ಯಾಕೆಂದರೆ ಒಂದಕ್ಕೆ ಒಬ್ಬನೇ ಪೇರೆಂಟ್.

ಇದನ್ನು ಊಹೆಯಿಂದ ಹುಡುಕಬೇಡಿ. ಫ್ರೇಮ್ ಮೇಲೆ ಲಿಸ್ಟ್ ಎಂಬ ಮೆಥಡ್ ಕರೆಯಿರಿ. ಇಡೀ ಕಾಂಪೊನೆಂಟ್ ಮರ, ಒಳಗಿನದು ಒಳಗೆ ಸರಿದು, ಕನ್ಸೋಲ್‌ನಲ್ಲಿ ಅಚ್ಚಾಗುತ್ತದೆ. ಪ್ರತಿ ಸಾಲಿನಲ್ಲೂ ಎಡದಿಂದ ಎಷ್ಟು, ಮೇಲಿನಿಂದ ಎಷ್ಟು, ಅಗಲ ಎತ್ತರ ಎಷ್ಟು ಎಂದು ಇರುತ್ತದೆ. ನಿಮ್ಮ ಹೊಸ ಬಾಕ್ಸ್‌ನ ಸಾಲಿನಲ್ಲಿ ‘0,0,0×0’ ಎಂದೂ ಪಕ್ಕದಲ್ಲಿ ‘ಇನ್‌ವ್ಯಾಲಿಡ್’ ಎಂದೂ ಕಂಡರೆ ರಿವ್ಯಾಲಿಡೇಟ್ ಆಗಿಲ್ಲ. ‘ಹಿಡನ್’ ಎಂದಿದ್ದರೆ ಯಾರೋ ವಿಸಿಬಲ್ ತೆಗೆದಿದ್ದಾರೆ. ಆ ಸಾಲೇ ಇಲ್ಲದಿದ್ದರೆ ನೀವು ಬಾಕ್ಸನ್ನು ಬೇರೆ ಯಾವುದೋ ಪ್ಯಾನೆಲ್‌ಗೆ ಸೇರಿಸಿದ್ದೀರಿ. ಈ ಒಂದು ಮೆಥಡ್ ಗಂಟೆಗಟ್ಟಲೆ ತಲೆಕೆಡಿಸಿಕೊಳ್ಳುವುದನ್ನು ತಪ್ಪಿಸುತ್ತದೆ. ಕಾಲೇಜಿನ ಲ್ಯಾಬ್‌ಗಳಲ್ಲಿ ಇದನ್ನು ಮೊದಲ ವಾರವೇ ಹೇಳಿಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಕ್ಲಿಕ್. ‘ಒಮ್ಮೆ ಆಗುತ್ತದೆ, ಒಮ್ಮೆ ಇಲ್ಲ’ ಎಂಬುದಕ್ಕೆ ನಿಮ್ಮಲ್ಲಿ ಎರಡು ಕಾರಣ ಸೇರಿಕೊಂಡಿರಬೇಕು.

ಒಂದು ಟೈಮರ್. ನಮಗೆ ಕ್ಲಿಕ್ ಒಂದೇ ಕ್ರಿಯೆ, ಸ್ವಿಂಗ್‌ಗೆ ಅದು ಮೂರು ಸುದ್ದಿ: ಒತ್ತಿದರು, ಬಿಟ್ಟರು, ಆಮೇಲೆ ಕ್ಲಿಕ್ ಆಯಿತು. ಒತ್ತಿದಾಗ ಯಾವ ಕಾಂಪೊನೆಂಟ್ ಇತ್ತೋ, ಬಿಟ್ಟಾಗಲೂ ಮೌಸ್ ಅದರ ಮೇಲೇ ಇದ್ದರೆ ಮಾತ್ರ ಮೂರನೆಯ ಸುದ್ದಿ ತಲುಪುತ್ತದೆ. ನಿಮ್ಮ ಟೈಮರ್ ಎರಡು ಸೆಕೆಂಡಿಗೊಮ್ಮೆ ರಿಮೂವ್‌ಆಲ್ ಮಾಡಿ ಹೊಸ ಬಾಕ್ಸ್‌ಗಳನ್ನು ಇಡುತ್ತದೆ. ಗುಮಾಸ್ತರು ಒತ್ತಿದ ಬಾಕ್ಸ್ ಬೇರೆ, ಬಿಡುವ ಹೊತ್ತಿಗೆ ಅದೇ ಜಾಗದಲ್ಲಿ, ಅದೇ ಬಣ್ಣದಲ್ಲಿ, ಅದೇ ಹೆಸರು ಹೊತ್ತು ಕೂತಿರುವ ಬಾಕ್ಸ್ ಬೇರೆ. ಕಣ್ಣಿಗೆ ಎರಡೂ ಒಂದೇ, ಸ್ವಿಂಗ್‌ಗೆ ಅಲ್ಲ. ಕ್ಲಿಕ್ ಯಾರಿಗೂ ಹೋಗದೆ ಬಿದ್ದುಹೋಗುತ್ತದೆ.

ಇದನ್ನು ಕಣ್ಣಾರೆ ನೋಡಿ. ಟೂಲ್‌ಕಿಟ್‌ಗೆ ಒಂದು ಎಡಬ್ಲ್ಯುಟಿ ಇವೆಂಟ್ ಲಿಸನರ್ (ಇಂಥ ಸುದ್ದಿಗಳನ್ನು, ಅಂದರೆ ಇವೆಂಟ್‌ಗಳನ್ನು, ಆಲಿಸುವ ಕೋಡ್) ಸೇರಿಸಿ, ಮೌಸ್ ಇವೆಂಟ್ ಮಾಸ್ಕ್ ಕೊಟ್ಟು, ಬಂದ ಪ್ರತಿ ಇವೆಂಟನ್ನೂ ಅದು ಯಾರಿಗೆ ಹೋಯಿತು ಎಂಬುದನ್ನೂ ಅಚ್ಚು ಮಾಡಿ. ಪ್ರೋಗ್ರಾಂನ ಉಳಿದ ಕೋಡ್ ಮುಟ್ಟಬೇಕಿಲ್ಲ. ಬಾಕ್ಸ್ ಮೇಲೆ ಒತ್ತಿ ಹಿಡಿದು, ಮನಸ್ಸಿನಲ್ಲೇ ಮೂರು ಎಣಿಸಿ ಬಿಡಿ. ಅಷ್ಟರಲ್ಲಿ ಟೈಮರ್ ಒಂದು ಸುತ್ತು ಬಂದಿರುತ್ತದೆ. ಪ್ರೆಸ್ಡ್ ಸಾಲು ಬರುತ್ತದೆ, ನಿಮ್ಮ ಬಾಕ್ಸ್‌ಗೆ ಬರಬೇಕಾದ ಕ್ಲಿಕ್ಡ್ ಸಾಲು ಬರುವುದಿಲ್ಲ. ಟೈಮರ್ ನಿಲ್ಲಿಸಿ ಅದನ್ನೇ ಮಾಡಿದರೆ ಬರುತ್ತದೆ.

ಎರಡನೆಯ ಕಾರಣ ಕೈ. ಒತ್ತಿ ಬಿಡುವುದರ ನಡುವೆ ಮೌಸ್ ಚೂರು ಜರುಗಿದರೆ ಜಾವಾ ಅದನ್ನು ಎಳೆತ ಎಂದು ಓದುತ್ತದೆ, ಕ್ಲಿಕ್ಡ್ ಬರುವುದಿಲ್ಲ. ವಿಂಡೋಸ್‌ನಲ್ಲಿ ಇದು ಲಿನಕ್ಸ್‌ಗಿಂತ ಬಿಗಿ. ಅದಕ್ಕೇ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಡಿಮೆ ತಪ್ಪುತ್ತಿರಬಹುದು, ಅಂಗಡಿಯಲ್ಲಿ ಹೆಚ್ಚು. ಒಂದು ಕೈಯಲ್ಲಿ ಚೀಟಿ ಹಿಡಿದು, ಇನ್ನೊಂದರಲ್ಲಿ ಮೌಸ್ ತಳ್ಳುತ್ತಲೇ ಒತ್ತುವವರ ಕೈ ಜರುಗದೆ ಇರುತ್ತದೆಯೇ? ಅವರಿಗೆ ನೆಟ್ಟಗೆ ಒತ್ತಿ ಎಂದು ಹೇಳುವುದು ಪರಿಹಾರವಲ್ಲ. ಬಾಕ್ಸ್ ಆಯ್ಕೆಗೆ ಮೌಸ್‌ಕ್ಲಿಕ್ಡ್ ಬಿಟ್ಟು ಮೌಸ್‌ಪ್ರೆಸ್ಡ್ ಬಳಸಿ. ದುಡ್ಡು ಪಾವತಿಯಾಯಿತು ಎಂದು ಗುರುತು ಹಾಕುವಂಥ, ಹಿಂದಕ್ಕೆ ತರಲಾಗದ ಕೆಲಸಕ್ಕೆ ಮಾತ್ರ ಪ್ರೆಸ್ಡ್ ಬೇಡ. ಅಂಥದ್ದಕ್ಕೆ ಜೆಬಟನ್ ಇಟ್ಟು ಆ್ಯಕ್ಷನ್ ಲಿಸನರ್ ಹಾಕಿ. ಬಟನ್‌ನ ಒಳಗೆ ಕೈ ಜರುಗಿದರೂ ಅದು ಕೆಲಸ ಮಾಡುತ್ತದೆ, ಮನಸ್ಸು ಬದಲಾದರೆ ಹೊರಗೆ ಎಳೆದು ಬಿಡಬಹುದು, ಕೀಬೋರ್ಡಿನ ಸ್ಪೇಸ್ ಒತ್ತಿದರೂ ನಡೆಯುತ್ತದೆ. ಬಟನ್‌ಗೆ ಮೌಸ್ ಲಿಸನರ್ ಹಾಕುವವರನ್ನು ಬಹಳ ನೋಡಿದ್ದೇನೆ. ಬಟನ್ ಡಿಸೇಬಲ್ ಮಾಡಿದ್ದರೂ ಆ ಲಿಸನರ್ ಓಡುತ್ತಲೇ ಇರುತ್ತದೆ, ದುಡ್ಡಿನ ಪ್ರೋಗ್ರಾಂನಲ್ಲಿ ಅದು ಸಣ್ಣ ವಿಷಯವಲ್ಲ.

ಟೈಮರ್ ಬಗ್ಗೆ ಇನ್ನೂ ಒಂದು ಮಾತು ಇದೆ. ನೀವು ಬಳಸಿದ್ದು ಯಾವ ಟೈಮರ್ ಎಂದು ಬರೆದಿಲ್ಲ. ಜಾವಾ ಯುಟಿಲ್‌ನ ಟೈಮರ್ ಆದರೆ ಅದು ತನ್ನದೇ ಥ್ರೆಡ್‌ನಲ್ಲಿ ಓಡಿ, ಸ್ವಿಂಗ್ ಬಳಿಯುತ್ತಿರುವಾಗಲೇ ಬಾಕ್ಸ್‌ಗಳನ್ನು ಕಿತ್ತುಹಾಕುತ್ತದೆ. ಅದರಿಂದ ಬರುವ ದೋಷಗಳು ಹೇಗೆ ಬೇಕಾದರೂ ಕಾಣಿಸಿಕೊಳ್ಳುತ್ತವೆ, ಹುಡುಕಲು ಸಿಗುವುದಿಲ್ಲ. ಸ್ವಿಂಗ್‌ನ ಟೈಮರ್ ಆದರೆ ಥ್ರೆಡ್ ಸರಿ, ಆದರೆ ಡೇಟಾಬೇಸ್ ಓದುವಷ್ಟು ಹೊತ್ತು ಪರದೆ ಹೆಪ್ಪುಗಟ್ಟುತ್ತದೆ. ಓದುವ ಕೆಲಸವನ್ನು ಸ್ವಿಂಗ್‌ವರ್ಕರ್‌ನ ಡೂ ಇನ್ ಬ್ಯಾಕ್‌ಗ್ರೌಂಡ್‌ಗೆ ಕೊಡಿ, ಫಲಿತಾಂಶವನ್ನು ಡನ್ ಮೆಥಡ್‌ನಲ್ಲಿ ಪರದೆಗೆ ತನ್ನಿ. ಹಿಂದಿನ ಓದು ಮುಗಿಯದೆ ಇನ್ನೊಂದನ್ನು ಶುರು ಮಾಡಬೇಡಿ. ಬಂದ ಪಟ್ಟಿಯನ್ನು ಈಗಿರುವ ಬಾಕ್ಸ್‌ಗಳ ಜೊತೆ ಲಾಟ್ ನಂಬರ್ (ರಾಶಿಯ ಸಂಖ್ಯೆ) ಹಿಡಿದು ಹೋಲಿಸಿ. ಬಣ್ಣ ಬದಲಾದದ್ದಕ್ಕೆ ಬಣ್ಣ ಹಾಕಿ, ಹೊಸದಿದ್ದರೆ ಸೇರಿಸಿ, ಉಳಿದವನ್ನು ಮುಟ್ಟಬೇಡಿ. ನಿಮ್ಮ ಇಡೀ ಪ್ರೋಗ್ರಾಂನಲ್ಲಿ ಒಂದೇ ಒಂದು ಬದಲಾವಣೆಗೆ ಸಮಯವಿದೆ ಎಂದರೆ ಇದನ್ನು ಮಾಡಿ ಎನ್ನುತ್ತೇನೆ.

ಟೂಲ್‌ಟಿಪ್ ಒಗಟಿಗೆ ಉತ್ತರ ಸುಲಭ, ಆದರೆ ಹೇಳದೆ ಗೊತ್ತಾಗುವಂಥದ್ದಲ್ಲ. ವೆಬ್ ಪುಟದಲ್ಲಿ ಒಳಗಿನ ಅಂಶದ ಮೇಲೆ ಒತ್ತಿದರೆ ಸುದ್ದಿ ಅದರ ಹೊರಗಿನದಕ್ಕೂ ಏರುತ್ತಾ ಹೋಗುತ್ತದೆ. ಸ್ವಿಂಗ್‌ನಲ್ಲಿ ಹಾಗಿಲ್ಲ. ಮೌಸ್ ಕೆಳಗೆ, ಮೌಸ್ ಇವೆಂಟ್ ಬೇಕು ಎಂದು ಕೇಳಿಕೊಂಡಿರುವ ಕಾಂಪೊನೆಂಟ್‌ಗಳಲ್ಲಿ ಅತಿ ಒಳಗಿನದು ಯಾವುದೋ ಅದಕ್ಕೆ ಒಂದಕ್ಕೇ ಹೋಗಿ ಅಲ್ಲಿಗೆ ಮುಗಿಯುತ್ತದೆ. ಬರೀ ಲೇಬಲ್‌ಗೆ ಮೌಸ್ ಬೇಕಿಲ್ಲ, ಹಾಗಾಗಿ ಮೊದಲು ಕ್ಲಿಕ್ ಹಿಂದಿನ ಬಾಕ್ಸ್‌ಗೆ ಸಿಗುತ್ತಿತ್ತು. ಟೂಲ್‌ಟಿಪ್ ಹಾಕಿದಾಗ ಟೂಲ್‌ಟಿಪ್ ಮ್ಯಾನೇಜರ್ ಆ ಲೇಬಲ್‌ಗೆ ತನ್ನದೊಂದು ಮೌಸ್ ಲಿಸನರ್ ಸೇರಿಸುತ್ತದೆ. ಅಲ್ಲಿಂದ ಲೇಬಲ್ ಕ್ಲಿಕ್‌ಗಳನ್ನು ತಾನೇ ಇಟ್ಟುಕೊಳ್ಳುತ್ತದೆ. ಟೂಲ್‌ಟಿಪ್‌ಅನ್ನು ಲೇಬಲ್‌ನಿಂದ ತೆಗೆದು ಬಾಕ್ಸ್‌ಗೇ ಹಾಕಿ, ಸರಿಹೋಗುತ್ತದೆ.

ರೈಟ್ ಕ್ಲಿಕ್ ಮೆನು ಲಿನಕ್ಸ್‌ನಲ್ಲಿ ಬಟನ್ ಒತ್ತಿದಾಗ ಬರಬೇಕು, ವಿಂಡೋಸ್‌ನಲ್ಲಿ ಬಿಟ್ಟಾಗ. ನೀವು ಈಸ್ ಪಾಪಪ್ ಟ್ರಿಗರ್ ಪರೀಕ್ಷೆಯನ್ನು ಪ್ರೆಸ್ಡ್‌ನಲ್ಲಿ ಮಾತ್ರ ಬರೆದಿರುತ್ತೀರಿ. ಪ್ರೆಸ್ಡ್, ರಿಲೀಸ್ಡ್ ಎರಡರಲ್ಲೂ ಬರೆಯಿರಿ. ಅದಕ್ಕಿಂತ ಸುಲಭ, ಬಾಕ್ಸ್ ಮೇಲೆ ಸೆಟ್ ಕಾಂಪೊನೆಂಟ್ ಪಾಪಪ್ ಮೆನು ಕರೆಯುವುದು. ಇದನ್ನೂ ಬಾಕ್ಸ್‌ಗೇ ಹಾಕಿ, ಒಳಗಿನ ಲೇಬಲ್‌ಗೆ ಹಾಕಿದರೆ ಟೂಲ್‌ಟಿಪ್‌ನ ಕಥೆಯೇ ಮತ್ತೆ.

ಕನ್ನಡ ಅಕ್ಷರದ ವಿಷಯ ನನಗೆ ಮುಖ್ಯ. ‘ಮೆಕ್ಕೆಜೋಳ’ದ ಕ-ಒತ್ತು ಕತ್ತರಿಸಿದರೆ ಓದುವವರಿಗೆ ‘ಮೆಕೆಜೋಳ’ ಕಾಣುತ್ತದೆ, ರೈತರ ಹೆಸರಿನಲ್ಲಿ ಹಾಗಾದರೆ ಹೆಸರೇ ಬದಲಾಗಬಹುದು. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ 20 ಪಿಕ್ಸೆಲ್ ಎತ್ತರವನ್ನು ಸೆಟ್‌ಬೌಂಡ್ಸ್‌ನಲ್ಲಿ ಕೊಟ್ಟಿರುತ್ತೀರಿ. ನಮ್ಮ ಲಿಪಿಗೆ ಗೆರೆಯ ಕೆಳಗೂ ಜಾಗ ಬೇಕು. ಎತ್ತರವನ್ನು ನೀವು ಹೇಳಬೇಡಿ, ಲೇಔಟ್ ಮ್ಯಾನೇಜರ್‌ಗೆ ಬಿಡಿ, ಅದು ಲೇಬಲ್ ಕೇಳಿದಷ್ಟು ಕೊಡುತ್ತದೆ. ಎರಡೂ ಕಂಪ್ಯೂಟರ್‌ಗಳಲ್ಲಿ ಒಂದೇ ರೀತಿ ಕಾಣಬೇಕಾದರೆ ನೋಟೊ ಸ್ಯಾನ್ಸ್ ಕನ್ನಡದಂಥ ಮುಕ್ತ ಫಾಂಟ್ ಒಂದನ್ನು ಪ್ರೋಗ್ರಾಂನ ಜಾರ್ (ಪ್ರೋಗ್ರಾಂ ಕಟ್ಟಿಟ್ಟ ಫೈಲ್) ಒಳಗೇ ಇಟ್ಟು ಅಲ್ಲಿಂದ ಲೋಡ್ ಮಾಡಿ. ಅಂಗಡಿಯ ಕಂಪ್ಯೂಟರ್‌ನಲ್ಲಿ ಜಾವಾ 8 ಇದ್ದರೆ ಹೊಸದು ಹಾಕಿ. ವಿಂಡೋಸ್‌ನಲ್ಲಿ ಪರದೆಯನ್ನು 125 ಅಥವಾ 150 ಪರ್ಸೆಂಟ್‌ಗೆ ಹಿಗ್ಗಿಸಿದ್ದರೆ ಅದನ್ನು ಸರಿಯಾಗಿ ಗ್ರಹಿಸುವುದು ಜಾವಾ 9ರಿಂದ. ಕೋಡ್‌ನಲ್ಲಿ ನೇರವಾಗಿ ಬರೆದ ಕನ್ನಡ ವಿಂಡೋಸ್‌ನಲ್ಲಿ ಕಂಪೈಲ್ ಮಾಡಿದಾಗ ಚಿತ್ರವಿಚಿತ್ರ ಅಕ್ಷರಗಳಾದರೆ, ಕಂಪೈಲರ್‌ಗೆ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಿ. 2022ರಲ್ಲಿ ಬಂದ ಜಾವಾ 18ರಿಂದ ಅದೇ ಡಿಫಾಲ್ಟ್.

ಮುಂದೆ ಯಾವ ದಾರಿ ಎಂದು ಕೇಳಿದ್ದೀರಿ. ವೆಬ್‌ಗೆ ಹೋಗುವುದು ತಪ್ಪಲ್ಲ, ಆದರೆ ಆವಕ ಎದುರಿಗಿರುವಾಗ ಇಡೀ ಪ್ರೋಗ್ರಾಂ ಮತ್ತೆ ಬರೆದರೆ ಹಳೆಯ ದೋಷ ಹೋಗಿ ಹೊಸವು ಬರುತ್ತವೆ, ಬ್ರೌಸರ್‌ನಿಂದ ಚೀಟಿ ಪ್ರಿಂಟ್ ತೆಗೆಯುವುದು ಬೇರೆ ತಲೆನೋವು. ಇನ್ನೊಂದು ದಾರಿ, ಬಾಕ್ಸ್‌ಗಳೇ ಇಲ್ಲದೆ ಒಂದು ದೊಡ್ಡ ಪ್ಯಾನೆಲ್‌ನ ಪೇಂಟ್ ಕಾಂಪೊನೆಂಟ್‌ನಲ್ಲಿ ಎಲ್ಲವನ್ನೂ ಬರೆದು, ಒತ್ತಿದ ಬಿಂದು ಯಾವ ಚೌಕದೊಳಗೆ ಬಿತ್ತು ಎಂದು ನೀವೇ ಲೆಕ್ಕ ಹಾಕುವುದು. ವೇಗ ಚೆನ್ನಾಗಿರುತ್ತದೆ, ಕೀಬೋರ್ಡ್, ಟೂಲ್‌ಟಿಪ್, ಸ್ಕ್ರೋಲ್ ಎಲ್ಲವನ್ನೂ ಕೈಯಾರೆ ಕಟ್ಟಬೇಕು. ಅದರಲ್ಲಿ ಲಿಸನರ್‌ಅನ್ನು ಪ್ಯಾನೆಲ್ ಬದಲು ಫ್ರೇಮ್‌ಗೆ ಹಾಕಿದರೆ ಟೈಟಲ್ ಬಾರ್‌ನ ಎತ್ತರವೂ ಸೇರಿ, ಮೇಲಿನ ಬಾಕ್ಸ್ ಒತ್ತಿದರೆ ಕೆಳಗಿನದು ಆಯ್ಕೆಯಾಗುತ್ತದೆ. ನಿಮ್ಮ ಅಗತ್ಯಕ್ಕೆ ಅದು ಬೇಡ.

ಈಗ ಸದ್ಯಕ್ಕೆ ಇರುವ ಬಾಕ್ಸ್‌ಗಳನ್ನೇ ಇಟ್ಟುಕೊಂಡು ಮೇಲೆ ಹೇಳಿದ ರಿಪೇರಿ ಮಾಡಿ, ಅಂಗಡಿಯ ವಿಂಡೋಸ್ ಕಂಪ್ಯೂಟರ್‌ನಲ್ಲೇ, ಗುಮಾಸ್ತರ ಕೈಯಲ್ಲೇ ಪರೀಕ್ಷೆ ಮಾಡಿಸಿ. ಆವಕ ಇಳಿದ ಮೇಲೆ ಸ್ವಿಂಗ್‌ನ ಪಟ್ಟಿ ಕಾಂಪೊನೆಂಟ್ ಆದ ಜೆಲಿಸ್ಟ್‌ಗೆ ಬದಲಾಯಿಸಿ. ಅದನ್ನು ಉದ್ದದ ಪಟ್ಟಿ ಎಂದೇ ಎಲ್ಲರೂ ತಿಳಿದಿದ್ದಾರೆ, ಹಾರಿಜಾಂಟಲ್ ರ‍್ಯಾಪ್ ಎಂದು ಹೇಳಿ ವಿಸಿಬಲ್ ರೋ ಕೌಂಟ್ ಸೊನ್ನೆ ಮಾಡಿದರೆ ನಿಮ್ಮ ಬಾಕ್ಸ್‌ಗಳನ್ನು ಸಾಲು ಸಾಲಾಗಿ ಜೋಡಿಸುತ್ತದೆ. ಒತ್ತಿದ ಕ್ಷಣವೇ ಆಯ್ಕೆಯಾಗುತ್ತದೆ, ಬಾಣದ ಕೀಗಳಿಂದ ಓಡಾಡಬಹುದು, ಅದರ ಮಾಡೆಲ್‌ನಲ್ಲಿ (ಮಾಹಿತಿಯ ಪಟ್ಟಿ) ಒಂದು ಲಾಟ್ ಬದಲಾಯಿಸಿದರೆ ಪರದೆ ತಾನಾಗಿ ಹೊಸದಾಗಿ ಬಳಿಯಲ್ಪಡುತ್ತದೆ, ಆಯ್ಕೆ ಅಳಿಯುವುದಿಲ್ಲ. ಅಲ್ಲಿ ಕಾಣುವ ಬಾಕ್ಸ್‌ಗಳು ನಿಜವಾದ ಕಾಂಪೊನೆಂಟ್‌ಗಳಲ್ಲ, ರೆಂಡರರ್ (ಬಾಕ್ಸ್‌ನ ಚಿತ್ರ ಬಳಿಯುವ ಕೋಡ್) ರಬ್ಬರ್ ಸ್ಟಾಂಪಿನಂತೆ ಒತ್ತಿಹೋದ ಚಿತ್ರಗಳು. ಆದ್ದರಿಂದ ಬಾಕ್ಸ್ ಒಳಗೆ ಬಟನ್ ಇಟ್ಟು ಅದು ಒತ್ತಿಸಿಕೊಳ್ಳಲಿ ಎಂದರೆ ಆಗದು. ಇನ್ನೊಂದು ಎಚ್ಚರ ಬೇಕು: ಕೊನೆಯ ಬಾಕ್ಸ್‌ನ ಆಚೆ ಖಾಲಿ ಜಾಗದಲ್ಲಿ ಒತ್ತಿದರೂ ಲೊಕೇಶನ್ ಟು ಇಂಡೆಕ್ಸ್ ಹತ್ತಿರದ ಬಾಕ್ಸ್‌ನ ನಂಬರನ್ನೇ ಕೊಡುತ್ತದೆ, ಆ ರಾಶಿಯೇ ಆಯ್ಕೆಯಾಗುತ್ತದೆ. ಆ ಬಿಂದು ನಿಜಕ್ಕೂ ಸೆಲ್‌ನ ಬೌಂಡ್ಸ್ ಒಳಗಿದೆಯೇ ಎಂದು ನೋಡಿಯೇ ವಿವರ ತೆರೆಯಿರಿ, ಇಲ್ಲವಾದರೆ ಒಬ್ಬ ರೈತರ ದುಡ್ಡಿನ ಲೆಕ್ಕ ಇನ್ನೊಬ್ಬರ ಎದುರಿಗೆ ತೆರೆದುಕೊಳ್ಳುತ್ತದೆ.